ಕಂಕುಳಲ್ಲಿ ಕೂಸು, ಕೈಯಲ್ಲಿ ಮೂರು ವಾರ: ಸಿಂಗಪುರವೋ, ಟೋಕಿಯೋವೋ, ಲಂಡನ್ನೋ?

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಎಂಟು ತಿಂಗಳ ಕೂಸು ಬೆಳಗ್ಗೆ 6.30ಕ್ಕೆ ಏಳುತ್ತದೆ ಅಂತಿಟ್ಟುಕೊಳ್ಳಿ. 9.30ಕ್ಕೆ ಒಂದು ನಿದ್ದೆ, ಮಧ್ಯಾಹ್ನ 2ಕ್ಕೆ ಇನ್ನೊಂದು. ನಡುವೆ ಹಾಲು, ರಾಗಿ ಸರಿ, ಡೈಪರ್, ಎಣ್ಣೆ ಹಚ್ಚಿ ನೀರು ಹಾಕುವುದು. ರಾತ್ರಿ 8ಕ್ಕೆ ಮಲಗಿಸಬೇಕು. ಇಷ್ಟನ್ನೂ ಕಳೆದ ಮೇಲೆ ಊರು ಸುತ್ತಲು ಉಳಿಯುವುದು ದಿನಕ್ಕೆ ಎರಡು ಸಲ, ಎರಡೆರಡು ಗಂಟೆ. ಅದರಲ್ಲೂ ಹೋಗಿ ಬರುವ ಸಮಯ ಕಳೆಯಬೇಕು.

ಹಾಗಾಗಿ ಐದು ದಿನಕ್ಕೆ ನಾಲ್ಕು ಊರು ತೋರಿಸುವ ಪ್ಯಾಕೇಜ್ ನಮ್ಮಂಥವರಿಗಲ್ಲ. ಮೂರು ವಾರ, ಒಂದೇ ನಗರ, ಒಂದೇ ಮನೆ. ನಿಧಾನ. ಸುಮ್ನೆ ಒಂದು ರೆಸಾರ್ಟಿಗೆ ಹೋಗಬಹುದಲ್ವಾ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ರಾತ್ರಿ 11ಕ್ಕೆ ಕೂಸಿಗೆ ಜ್ವರ ಬಂದರೆ ರೆಸಾರ್ಟಿನಲ್ಲಿ ಈಜುಕೊಳ ಇರುತ್ತದೆ, ಮಕ್ಕಳ ಡಾಕ್ಟರ್ ಇರುವುದಿಲ್ಲ. ಮಳೆ ಬಂದರೆ ಹೋಗಲು ಮ್ಯೂಸಿಯಂ ಇಲ್ಲ, ಮಾಲ್ ಇಲ್ಲ. ನನ್ನ ಪ್ರಕಾರ ಚಿಕ್ಕ ಕೂಸಿಗೆ ದೊಡ್ಡ ಊರೇ ಆರಾಮ.

ಯಾವ ಊರು ಅನ್ನುವುದಕ್ಕಿಂತ ಯಾವ ಬೀದಿ ಅನ್ನುವುದೇ ಮುಖ್ಯ ಎಂದು ನನಗೆ ಗೊತ್ತಾಗಿದ್ದು ತಡವಾಗಿ. ನೀವು ಉಳಿಯುವ ಮನೆಯ ಸುತ್ತಲಿನ ಅರ್ಧ ಕಿಲೋಮೀಟರಿನಲ್ಲಿ ಪಾರ್ಕು, ತರಕಾರಿ ಅಂಗಡಿ, ಔಷಧಿ ಅಂಗಡಿ, ಲಿಫ್ಟ್ ಇರುವ ರೈಲು ನಿಲ್ದಾಣ ಇದ್ದರೆ ರಜೆ ಗೆದ್ದಂತೆ. ಇಲ್ಲದಿದ್ದರೆ ಎಂಥಾ ಊರಾದರೂ ಸ್ಟ್ರಾಲರ್ ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದೇ ಕೆಲಸ.

ಇಲ್ಲಿ ಹೋಲಿಸುವುದು ಮೂರು ನಗರಗಳನ್ನು. ಮೂರಕ್ಕೂ ಬೆಂಗಳೂರಿನಿಂದ ನೇರ ವಿಮಾನ ಇದೆ. ಮೂರರಲ್ಲೂ ನಲ್ಲಿ ನೀರು ಕುಡಿಯಬಹುದು. ಮಗಳು ಏಳು ತಿಂಗಳವಳಿದ್ದಾಗ ಸಿಂಗಪುರಕ್ಕೆ ಹೋದೆವು, ಮಗನಿಗೆ ಹನ್ನೊಂದು ತಿಂಗಳು ತುಂಬಿದಾಗ ಲಂಡನ್ನಿಗೆ. ಟೋಕಿಯೋಗೆ ಯಜಮಾನರ ಆಫೀಸ್ ಕೆಲಸದ ನೆಪದಲ್ಲಿ ಹೋದಾಗ ಅವನಿಗೆ ಒಂದೂಕಾಲು ವರ್ಷ, ಓಡುವ ವಯಸ್ಸು.

ಮೊದಲು ಗಡಿಯಾರ ನೋಡಿ

ವಿಮಾನದ ಟಿಕೆಟ್ ಬೆಲೆ ಎಲ್ಲರೂ ನೋಡುತ್ತಾರೆ. ನಾನು ಮೊದಲು ನೋಡುವುದು ಸಮಯದ ವ್ಯತ್ಯಾಸ. ದೊಡ್ಡವರು ಕಾಫಿ ಕುಡಿದು ಸುಧಾರಿಸಿಕೊಳ್ಳುತ್ತಾರೆ. ಕೂಸಿನ ಹೊಟ್ಟೆ ಮತ್ತು ನಿದ್ದೆ ಇನ್ನೂ ಬೆಂಗಳೂರಿನಲ್ಲೇ ಇರುತ್ತವೆ.

ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಇಲ್ಲೊಂದು ಉಪಾಯ ಇದೆ: ಕೂಸಿನ ಗಡಿಯಾರ ಬದಲಿಸಲೇಬೇಡಿ. ಬೆಂಗಳೂರಿನ 6.30 ಅಂದರೆ ಅಲ್ಲಿನ 9. ಬೆಂಗಳೂರಿನ ರಾತ್ರಿ 8 ಅಂದರೆ ಅಲ್ಲಿನ 10.30. ಎಲ್ಲರೂ ಬೆಳಗ್ಗೆ ನಿಧಾನವಾಗಿ ಏಳಬಹುದು. ಸಂಜೆ ಬಿಸಿಲು ಇಳಿದ ಮೇಲೆ ಎಚ್ಚರವಾಗಿರುವ ಕೂಸನ್ನು ಕರೆದುಕೊಂಡು ಹೊರಗೆ ಹೋಗಬಹುದು. ಗಾರ್ಡನ್ಸ್ ಬೈ ದ ಬೇ ಉದ್ಯಾನದ ದೀಪದ ಆಟ 7.45ಕ್ಕೆ ಮತ್ತು 8.45ಕ್ಕೆ. ನಮ್ಮ ಮಗಳ ಲೆಕ್ಕದಲ್ಲಿ ಅದು ಸಂಜೆ 5.15 ಮತ್ತು 6.15. ಕಣ್ಣು ಅರಳಿಸಿಕೊಂಡು ನೋಡಿದಳು. ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು 7ಕ್ಕೆ, ಮುಳುಗುವುದೂ 7ಕ್ಕೆ. ಅದೂ ನಮಗೆ ಅನುಕೂಲವೇ.

ಟೋಕಿಯೋ ಮೂರೂವರೆ ಗಂಟೆ ಮುಂದೆ. ವಿಮಾನದಲ್ಲಿ ಸುಮಾರು 8 ಗಂಟೆ. ಇದೇ ಉಪಾಯ ಅಲ್ಲೂ ಅರ್ಧ ನಡೆಯುತ್ತದೆ. ಕೂಸು ಬೆಳಗ್ಗೆ 10ಕ್ಕೆ ಎದ್ದರೆ ಟೋಕಿಯೋದ ಆಫೀಸ್ ಹೊತ್ತಿನ ರೈಲಿನ ನೂಕುನುಗ್ಗಲು ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಆದರೆ ರಾತ್ರಿ 11.30ರವರೆಗೆ ಅದರ ಜೊತೆ ಎದ್ದಿರಬೇಕು. ನಾವು ಒಂದು ಗಂಟೆ ಹಿಂದಕ್ಕೆ ಸರಿಸಿಕೊಂಡೆವು, ಅಷ್ಟು ಸಾಕಾಯಿತು. ಜೂನಿನಲ್ಲಿ ಹೋದರೆ ಮಾತ್ರ ಅಲ್ಲಿ ನಾಲ್ಕೂವರೆಗೇ ಬೆಳಕು ಹರಿಯುತ್ತದೆ, ನೆನಪಿರಲಿ.

ಲಂಡನ್ ಉಲ್ಟಾ. ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ವಿಮಾನದಲ್ಲೇ ಹತ್ತರಿಂದ ಹನ್ನೊಂದು ಗಂಟೆ. ಬೆಂಗಳೂರಿನಲ್ಲಿ 6.30ಕ್ಕೆ ಏಳುವ ಮಗು ಲಂಡನ್ನಿನಲ್ಲಿ ರಾತ್ರಿ 2ಕ್ಕೆ ಎದ್ದು ಕೂತು ಚಪ್ಪಾಳೆ ತಟ್ಟುತ್ತದೆ. ಮೊದಲ ನಾಲ್ಕು ರಾತ್ರಿ ನಾನೂ ಯಜಮಾನರೂ ಪಾಳಿ ಹಾಕಿಕೊಂಡು ಎದ್ದಿದ್ದೆವು. ಐದನೇ ದಿನಕ್ಕೆ ಒಂದು ದಡ ಸೇರಿತು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ಕ್ಕೆ, ಮತ್ತೆ ಹುಟ್ಟುವುದು 4.45ರ ಹೊತ್ತಿಗೆ. ಬೆಳಕಿದ್ದಾಗ ಮಲಗು ಅಂದರೆ ಯಾವ ಮಗು ಕೇಳುತ್ತದೆ? ಮನೆ ಹುಡುಕುವಾಗ ಕಿಟಕಿಗೆ ದಪ್ಪ ಪರದೆ ಇದೆಯಾ ಅಂತ ಕೇಳಿ. ಇಲ್ಲವೆಂದರೆ ಅಗಲವಾದ ಕಪ್ಪು ಬಟ್ಟೆ, ಅಂಟಿಸುವ ಟೇಪು ಒಯ್ಯಿರಿ. ಒಂದೇ ವಾರಕ್ಕೆ ಲಂಡನ್ನಿಗೆ ಹೋಗುವುದು ದುಡ್ಡು ಕೊಟ್ಟು ನಿದ್ದೆ ಕಳೆದುಕೊಂಡಂತೆ. ಮೂರು ವಾರ ಇದ್ದರೆ ಮಾತ್ರ ಆ ನಾಲ್ಕು ರಾತ್ರಿಯ ಬೆಲೆ ಬಂದೀತು.

ಮನೆ

ಅಡುಗೆಮನೆ, ಬಟ್ಟೆ ಒಗೆಯುವ ಮಷಿನ್, ಮಲಗುವ ಕೋಣೆಗೆ ಬಾಗಿಲು. ಈ ಮೂರು ಇಲ್ಲದೆ ಮೂರು ವಾರ ಬೇಡ. ಬಾಗಿಲು ಯಾಕೆ ಅಂದರೆ, ಕೂಸು 8ಕ್ಕೆ ಮಲಗಿದ ಮೇಲೆ ಒಂದೇ ಕೋಣೆಯ ಹೋಟೆಲಿನಲ್ಲಿ ದೊಡ್ಡವರು ಕತ್ತಲಲ್ಲಿ ಪಿಸುಗುಡುತ್ತಾ ಚಪಾತಿ ತಿನ್ನಬೇಕಾಗುತ್ತದೆ. ಅನುಭವದ ಮಾತು.

ಸಿಂಗಪುರದಲ್ಲಿ ಒಂದು ದೊಡ್ಡ ಗುಂಡಿ ಇದೆ. ಅಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಸರ್ಕಾರಿ ಹೌಸಿಂಗ್ ಫ್ಲ್ಯಾಟುಗಳಿಗೆ ಇದು ಆರು ತಿಂಗಳು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಚಂದದ ಫ್ಲ್ಯಾಟ್ ಕಂಡರೂ ಕೈ ಹಾಕಬೇಡಿ. ಸರ್ವಿಸ್ಡ್ ಅಪಾರ್ಟ್‌ಮೆಂಟ್ ಒಂದೇ ದಾರಿ. ಬೆಲೆ ಜಾಸ್ತಿ, ನಿಜ. ಇಡೀ ಪ್ರವಾಸದಲ್ಲಿ ನಮ್ಮ ಜೇಬಿಗೆ ಹೆಚ್ಚು ಕತ್ತರಿ ಬಿದ್ದದ್ದು ಅಲ್ಲೇ.

ಲಂಡನ್ನಿನಲ್ಲಿ ಮನೆ ಮಾಲೀಕರು ವರ್ಷಕ್ಕೆ 90 ರಾತ್ರಿಯವರೆಗೆ ಹೀಗೆ ಬಾಡಿಗೆಗೆ ಕೊಡಬಹುದು. ಹಾಗಾಗಿ ನಿಜವಾದ ಮನೆಯೇ ಸಿಗುತ್ತದೆ, ಕೆಲವು ಸಲ ಮಗುವಿನ ತೊಟ್ಟಿಲು, ಊಟದ ಕುರ್ಚಿ ಸಮೇತ. ಆದರೆ ಹಳೇ ಕಟ್ಟಡಗಳು. ಲಿಫ್ಟ್ ಇದೆ ಎಂದು ಬರೆದಿದ್ದ ಒಂದು ಮನೆಗೆ ಹೋದರೆ ಲಿಫ್ಟಿಗೆ ಹೋಗಲಿಕ್ಕೇ ಹದಿನಾಲ್ಕು ಮೆಟ್ಟಿಲು! ಬಾಗಿಲಿನಿಂದ ಮನೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು ಅಂತ ಕೇಳಿ. ಲಿಫ್ಟ್ ಇದೆಯಾ ಅಂತ ಕೇಳಬೇಡಿ.

ಟೋಕಿಯೋದಲ್ಲಿ ಕೋಣೆಗಳು ಚಿಕ್ಕವು. ಆದರೆ ಅಂಬೆಗಾಲಿಡುವ ಮಗುವಿಗೆ ತಾತಾಮಿ ಚಾಪೆಯ ಕೋಣೆಯಂಥ ಜಾಗ ಇನ್ನೊಂದಿಲ್ಲ. ನೆಲದ ಮೇಲೆ ಹಾಸಿಗೆ, ನಮ್ಮ ಹಳ್ಳಿ ಮನೆಯ ಹಾಗೆ. ಬೀಳುವ ಭಯ ಇಲ್ಲ, ಚಪ್ಪಲಿ ಹೊಸಿಲಾಚೆಯೇ. ಮಂಚ ಬೇಡ, ಜಪಾನೀ ಕೋಣೆಯೇ ಬೇಕು ಅಂತ ಕೇಳಿ ಪಡೆಯಿರಿ.

ಇಲ್ಲೇ ಇನ್ನೊಂದು ಮಾತು. ಸಿಂಗಪುರ ಮತ್ತು ಲಂಡನ್ನಿನಲ್ಲಿ ಒಂದೇ ಥರದ ಮೂರು ಚಪ್ಪಟೆ ಪಿನ್ನಿನ ಪ್ಲಗ್, ಕರೆಂಟ್ ನಮ್ಮ ಹಾಗೆಯೇ. ಅಡಾಪ್ಟರ್ ಒಂದಿದ್ದರೆ ಸಾಕು. ಜಪಾನಿನಲ್ಲಿ ಕರೆಂಟ್ 100 ವೋಲ್ಟ್. ನಮ್ಮ 230 ವೋಲ್ಟಿನ ಕೆಟಲ್, ಬಾಟಲಿ ಸ್ಟೆರಿಲೈಸರ್ ಅಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ ಬಿಸಿಯಾಗುತ್ತದೆ. ಒಯ್ದು ಪ್ರಯೋಜನವಿಲ್ಲ.

ಸ್ಟ್ರಾಲರ್ ಎಲ್ಲಿ ಉರುಳುತ್ತದೆ?

ಸಿಂಗಪುರದಲ್ಲಿ ಎಲ್ಲೆಲ್ಲೂ. ಎಂಆರ್‌ಟಿ ಎನ್ನುವ ಮೆಟ್ರೋದ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. 2017ರಿಂದ ಬಸ್ಸಿಗೂ ಸ್ಟ್ರಾಲರನ್ನು ಮಡಚದೆ ಹತ್ತಿಸಬಹುದು. 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ. ಕಾರಿನ ವಿಷಯದಲ್ಲಿ ಹುಷಾರು: ಟ್ಯಾಕ್ಸಿಗೆ ಮಗುವಿನ ಸೀಟು ಇಲ್ಲದಿದ್ದರೂ ನಡೆಯುತ್ತದೆ, ಆ್ಯಪಿನಲ್ಲಿ ಕರೆಸುವ ಖಾಸಗಿ ಕಾರಿಗೆ ಆ ವಿನಾಯಿತಿ ಇಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಡ್ರೈವರ್ ಹತ್ತಿಸುವುದಿಲ್ಲ, ಹತ್ತಿಸಲೂ ಬಾರದು.

ಲಂಡನ್ ನೋಡಿ ನಿರಾಸೆಯಾಗಬಹುದು. ಅಲ್ಲಿನ ಟ್ಯೂಬ್ ಎನ್ನುವ ಮೆಟ್ರೋ ಶುರುವಾಗಿದ್ದು 1863ರಲ್ಲಿ. ಅಷ್ಟು ಹಳೆಯದರಲ್ಲಿ ಲಿಫ್ಟ್ ಎಲ್ಲಿಂದ ಬರಬೇಕು? 272 ನಿಲ್ದಾಣಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ. ಆದರೆ 2022ರಲ್ಲಿ ಶುರುವಾದ ಎಲಿಜಬೆತ್ ಲೈನಿನ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದೆ ಓಡಾಡಬಹುದು, ಮತ್ತು ಅದು ಹೀಥ್ರೂ ವಿಮಾನ ನಿಲ್ದಾಣದಿಂದಲೇ ಹೊರಡುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ: ಎಲಿಜಬೆತ್ ಲೈನಿನ ಪಕ್ಕದಲ್ಲಿ ಮನೆ ಹಿಡಿಯಿರಿ. ಈಲಿಂಗ್ ಬ್ರಾಡ್‌ವೇ ಒಳ್ಳೆಯ ಜಾಗ. ಪಾರ್ಕಿದೆ, ಅದೇ ಲೈನಿನಲ್ಲಿ ಸ್ವಲ್ಪ ಮುಂದೆ ಹೋದರೆ ಸೌತ್‌ಹಾಲ್‌ನ ಭಾರತೀಯ ಅಂಗಡಿಗಳಿವೆ. ಉಳಿದದ್ದಕ್ಕೆ ಕೆಂಪು ಬಸ್ಸು. ಎಲ್ಲ ಬಸ್ಸುಗಳ ನೆಲವೂ ತಗ್ಗು, ಸ್ಟ್ರಾಲರ್ ನಿಲ್ಲಿಸಲು ಜಾಗ ಇದೆ. ಗಾಲಿಕುರ್ಚಿಯವರು ಬಂದರೆ ಮಾತ್ರ ಮಡಚಿ ಜಾಗ ಬಿಡಬೇಕು. ಕಪ್ಪು ಟ್ಯಾಕ್ಸಿಗೆ ಸ್ಟ್ರಾಲರನ್ನು ಮಗುವಿನ ಸಮೇತ ಹಾಗೇ ಏರಿಸಬಹುದು. ಮಳೆಯಲ್ಲಿ ನಿದ್ದೆ ಹೋದ ಮಗುವಿದ್ದಾಗ ಆ ದುಡ್ಡು ದುಬಾರಿ ಅನ್ನಿಸಲಿಲ್ಲ.

ಟೋಕಿಯೋದಲ್ಲಿ ಲಿಫ್ಟ್ ಇರುತ್ತದೆ, ಆದರೆ ನಿಲ್ದಾಣದ ಯಾವುದೋ ಒಂದು ಮೂಲೆಯಲ್ಲಿ. ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ಸರಿಯಾದ ಬಾಗಿಲು ಹುಡುಕುವಷ್ಟರಲ್ಲಿ ನಿಮ್ಮ ಎರಡು ಗಂಟೆಯಲ್ಲಿ ಅರ್ಧ ಗಂಟೆ ಹೋಯಿತು. ಅಲ್ಲಿ ಬೇಬಿ ಕ್ಯಾರಿಯರಿನಲ್ಲಿ ಎದೆಗೆ ಕಟ್ಟಿಕೊಳ್ಳುವುದೇ ಲೇಸು. ಊರಿನವರೂ ಹಾಗೇ ಮಾಡುತ್ತಾರೆ.

ಆದರೆ ಕೂಸಿನ ಸೌಕರ್ಯದಲ್ಲಿ ಟೋಕಿಯೋವನ್ನು ಉಳಿದ ಎರಡು ಮುಟ್ಟಲಾರವು. ದೊಡ್ಡ ಅಂಗಡಿಗಳಲ್ಲಿ ಹಾಲುಣಿಸುವ ಕೋಣೆ, ಒಳಗೆ ಹಾಲಿನ ಪುಡಿ ಕಲೆಸಲು ಬಿಸಿನೀರಿನ ಯಂತ್ರ, ಡೈಪರ್ ಬದಲಿಸುವ ಮೇಜಿನ ಸಾಲು. ಎಷ್ಟೋ ಶೌಚಾಲಯಗಳ ಒಳಗೆ ಗೋಡೆಗೆ ಪುಟ್ಟ ಕುರ್ಚಿ ಕೂಡಿಸಿರುತ್ತಾರೆ. ಕೂಸನ್ನು ಅದರಲ್ಲಿ ಕೂರಿಸಿ ಬೆಲ್ಟ್ ಹಾಕಿ ತಾಯಿ ನಿಶ್ಚಿಂತೆಯಿಂದ ತನ್ನ ಕೆಲಸ ಮುಗಿಸಬಹುದು. ಇದನ್ನು ಯೋಚಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ನಮಸ್ಕಾರ. ಒಂದೇ ಕೊರತೆ, ಬೀದಿಯಲ್ಲಿ ಕಸದ ಡಬ್ಬಿ ಸಿಗುವುದಿಲ್ಲ. ಬಳಸಿದ ಡೈಪರನ್ನು ಚೀಲದಲ್ಲಿ ಕಟ್ಟಿ ಮನೆಗೇ ತರಬೇಕು.

ಆ ಎರಡು ಗಂಟೆ ಎಲ್ಲಿ?

ಸಿಂಗಪುರದಲ್ಲಿ ನಾವು ಲಿಟ್ಲ್ ಇಂಡಿಯಾ ಪಕ್ಕದಲ್ಲಿ ಉಳಿದಿದ್ದು ಅದೃಷ್ಟಕ್ಕೆ. ಅಲ್ಲಿಂದ ಡೌನ್‌ಟೌನ್ ಲೈನಿನಲ್ಲಿ ಒಂದು ದಿಕ್ಕಿಗೆ ಮೂರನೇ ನಿಲ್ದಾಣ ಬೊಟಾನಿಕ್ ಗಾರ್ಡನ್ಸ್, ಇನ್ನೊಂದು ದಿಕ್ಕಿಗೆ ನಾಲ್ಕನೆಯದು ಗಾರ್ಡನ್ಸ್ ಬೈ ದ ಬೇ ಇರುವ ಬೇಫ್ರಂಟ್. ರೈಲು ಬದಲಿಸುವ ಗೋಜೇ ಇಲ್ಲ. ಬೊಟಾನಿಕ್ ಗಾರ್ಡನ್ಸ್ 1859ರದ್ದು, ಈಗ ಯುನೆಸ್ಕೋ ಪಟ್ಟಿಯಲ್ಲಿದೆ. ಬೆಳಗ್ಗೆ 5ರಿಂದ ನಡುರಾತ್ರಿವರೆಗೆ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ. ನಮ್ಮ ಲಾಲ್‌ಬಾಗನ್ನು ನೆನಪಿಸುತ್ತದೆ. ತೊಂದರೆ ಎಂದರೆ ಸೆಕೆ. ವರ್ಷವಿಡೀ 25ರಿಂದ 32 ಡಿಗ್ರಿ, ಮೈ ಅಂಟಂಟು. ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಕೂಸನ್ನು ಹೊರಗೆ ಕರೆದೊಯ್ಯಬೇಡಿ. ಆ ಹೊತ್ತಿಗೆ ಮಾಲುಗಳು ಇವೆ, ಅಲ್ಲಿ ಎಸಿ ಎಷ್ಟು ಜೋರೆಂದರೆ ಮಗುವಿಗೆ ಸ್ವೆಟರ್ ಬೇಕು. ನವೆಂಬರಿನಿಂದ ಜನವರಿವರೆಗೆ ಮಳೆ ಜಾಸ್ತಿ.

ಟೋಕಿಯೋದಲ್ಲಿ ಕಾಲ ನೋಡಿ ಹೋಗಬೇಕು. ಏಪ್ರಿಲ್ ನಡುವಿನ ವಾರಗಳು, ಇಲ್ಲವೇ ಅಕ್ಟೋಬರ್ ಕೊನೆ, ನವೆಂಬರ್. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನೀಯರ ರಜೆ ಸಾಲು, ಎಲ್ಲೆಲ್ಲೂ ಜನ. ಜೂನಿನಲ್ಲಿ ಮಳೆ, ಆಗಸ್ಟಿನಲ್ಲಿ ಬೇಯುವ ಸೆಕೆ. ಉಳಿಯಲು ಉಯೆನೋ ಚೆನ್ನ. ನರಿತಾ ವಿಮಾನ ನಿಲ್ದಾಣದಿಂದ ನೇರ ರೈಲು, ಎದುರಿಗೇ ದೊಡ್ಡ ಪಾರ್ಕು, ಅದರೊಳಗೆ 1882ರಲ್ಲಿ ತೆರೆದ ಮೃಗಾಲಯ. ಹುಲ್ಲಿನ ಮೇಲೆ ಹೊರಳಾಡಿಸಲು ಶಿಂಜುಕು ಗ್ಯೋಎನ್ ಉದ್ಯಾನ. ದೊಡ್ಡವರಿಗೆ 500 ಯೆನ್, ಸೋಮವಾರ ರಜೆ.

ಲಂಡನ್ನಿನ ಬಲ ಇರುವುದು ಇಲ್ಲೇ. ದೊಡ್ಡ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲ ಅಂದರೆ ಪೂರ್ತಿ ನೋಡಬೇಕೆಂಬ ಹಟವೂ ಇಲ್ಲ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಹೋಗಿ ಸೂರಿನಿಂದ ಇಳಿಬಿಟ್ಟ ನೀಲಿ ತಿಮಿಂಗಿಲದ ಅಸ್ಥಿಪಂಜರ ನೋಡಿ ಮಗ ಬಾಯಿ ಬಿಟ್ಟ. ಹದಿನೈದೇ ನಿಮಿಷ. ಅಷ್ಟಕ್ಕೇ ತಿರುಗಿ ಬಂದೆವು, ಬೇಜಾರಾಗಲಿಲ್ಲ. ಬೆತ್ನಲ್ ಗ್ರೀನ್‌ನ ಯಂಗ್ ವಿ ಅಂಡ್ ಎ ಮ್ಯೂಸಿಯಂ 2023ರಲ್ಲಿ ಮಕ್ಕಳಿಗೆಂದೇ ಹೊಸದಾಗಿ ತೆರೆದದ್ದು, ಅಂಬೆಗಾಲಿನವರಿಗೇ ಒಂದು ಜಾಗ ಇದೆ. ಪಕ್ಕದ ಟ್ಯೂಬ್ ನಿಲ್ದಾಣದಲ್ಲಿ ಮಾತ್ರ ಮೆಟ್ಟಿಲುಗಳು. ಎಲಿಜಬೆತ್ ಲೈನಿನ ವೈಟ್‌ಚಾಪೆಲ್‌ನಲ್ಲಿ ಇಳಿದು ನಡೆಯಿರಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ದಾರಿ ಸ್ಟ್ರಾಲರಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅದರ ಪಕ್ಕದ ಬೆಂಚಿನಲ್ಲಿ ಕೂತು ಮಗನಿಗೆ ಬಾಳೆಹಣ್ಣು ತಿನ್ನಿಸಿದ್ದು ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ನೆನಪಿರುವ ಮಧ್ಯಾಹ್ನ.

ರಾಗಿ ಸರಿ ಮತ್ತು ದೊಡ್ಡವರ ಊಟ

ಸಿಂಗಪುರದಲ್ಲಿ ಚಿಂತೆಯೇ ಇಲ್ಲ. ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ಮೊಸರು, ಸೊಪ್ಪು, ಎಲ್ಲ ಸಿಗುತ್ತವೆ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ 1947ರಿಂದ ನಡೆಯುತ್ತಿದೆ. ರಾಗಿ ಕೇಳುವಾಗ ತಮಿಳರ ಅಂಗಡಿಯಲ್ಲಿ ಕೇಳ್ವರಗು ಅನ್ನಿ. ಲಂಡನ್ನಿನ ವೆಂಬ್ಲಿಯ ಗುಜರಾತಿ ಅಂಗಡಿಯಲ್ಲಿ ಅದೇ ನಾಚ್ನಿ. ಬ್ರಿಟನ್ನಿಗೆ ಇಲ್ಲಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪವೂ ಅದರಲ್ಲೇ ಬರುತ್ತದೆ. ಅಜ್ಜಿ ಕಾಯಿಸಿದ ತುಪ್ಪದ ಬಾಟಲಿ ಮನೆಯಲ್ಲೇ ಇರಲಿ. ಸೀಲ್ ಮಾಡಿದ ಮಗುವಿನ ಹಾಲಿನ ಪುಡಿಗೆ ಮಾತ್ರ ವಿನಾಯಿತಿ ಇದೆ.

ಟೋಕಿಯೋದಲ್ಲಿ ಸಸ್ಯಾಹಾರಿಗಳಿಗೆ ಕಷ್ಟ. ತರಕಾರಿ ಸಾರಿನಂತೆ ಕಂಡದ್ದಕ್ಕೂ ಮೀನಿನ ರಸ ಹಾಕಿರುತ್ತಾರೆ. ಎಡೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ ಭಾರತೀಯರು ತುಂಬಾ ಇದ್ದಾರೆ, ಬೇಳೆ, ಅಕ್ಕಿ, ಮಸಾಲೆ ಅಲ್ಲಿ ಸಿಗುತ್ತವೆ. ವಾರಕ್ಕೊಮ್ಮೆ ಹೋಗಿ ತಂದು ಮನೆಯಲ್ಲೇ ಅಡುಗೆ ಮಾಡಿದೆವು. ಅಡುಗೆ ಮಾಡುವ ಮನಸ್ಸಿಲ್ಲದ ಸಸ್ಯಾಹಾರಿಗಳಿಗೆ ನಾನು ಟೋಕಿಯೋ ಹೇಳುವುದಿಲ್ಲ.

ಇನ್ನು ಜ್ವರ. ಸಿಂಗಪುರದ ಕೆಕೆ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ ಲಿಟ್ಲ್ ಇಂಡಿಯಾದ ಹತ್ತಿರವೇ ಇದೆ, ಮಕ್ಕಳ ತುರ್ತು ಚಿಕಿತ್ಸೆ 24 ಗಂಟೆಯೂ ಸಿಗುತ್ತದೆ. ಲಂಡನ್ನಿನಲ್ಲಿ 111ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು, ಆದರೆ ಪ್ರವಾಸಿಗರು ಆಸ್ಪತ್ರೆಗೆ ದಾಖಲಾದರೆ ಬಿಲ್ಲು ಬರುತ್ತದೆ. ಟೋಕಿಯೋದಲ್ಲಿ ಭಾಷೆಯದೇ ತೊಡಕು. ಎಲ್ಲಿಗೆ ಹೋದರೂ ಕೂಸಿನ ಹೆಸರಿನಲ್ಲೂ ವಿಮೆ ಮಾಡಿಸಿ. ದಡಾರದ ಲಸಿಕೆ ನಮ್ಮಲ್ಲಿ 9 ತಿಂಗಳಿಗೆ, ಅದಕ್ಕೆ ಮುಂಚೆ ಹೊರಡುವವರು ಡಾಕ್ಟರನ್ನು ಕೇಳಿ.

ಹಾಗಾದರೆ ಯಾವುದು?

ಕೂಸು ಇನ್ನೂ ಅಂಬೆಗಾಲಿಡುತ್ತಿಲ್ಲ, ಜೊತೆಗೆ ಅಮ್ಮನೋ ಅತ್ತೆಯೋ ಬರುತ್ತಾರೆ, ಇದೇ ಮೊದಲ ಪ್ರಯಾಣ: ಸಿಂಗಪುರ. ಎರಡನೇ ಮಾತಿಲ್ಲ. ಅತ್ತೆ ಅಲ್ಲಿ ಒಬ್ಬರೇ ಹೋಗಿ ತಮಿಳಿನಲ್ಲಿ ಚೌಕಾಸಿ ಮಾಡಿ ಕರಿಬೇವು ತಂದರು.

ಮಗು ಒಂದು ವರ್ಷ ದಾಟಿ ನಡೆಯಲು ಶುರು ಮಾಡಿದೆ, ನಿಮಗೆ ಅಡುಗೆ ಬರುತ್ತದೆ, ಕ್ಯಾರಿಯರ್ ಹೊರುವ ಬೆನ್ನಿದೆ: ಟೋಕಿಯೋ. ಕೂಸಿಗಿಂತ ತಾಯಿ ನಿರಾಳವಾಗಿರುವ ಊರು ಅದು.

ನಾಲ್ಕು ವಾರ ರಜೆ ಇದೆ, ಮೇ ಮತ್ತು ಸೆಪ್ಟೆಂಬರ್ ನಡುವೆ ಹೋಗಬಲ್ಲಿರಿ, ಅಲ್ಲಿ ನೆಂಟರೋ ಸ್ನೇಹಿತರೋ ಇದ್ದಾರೆ: ಲಂಡನ್. ಎರಡೇ ವಾರ ಅಂದರೆ ನಾನು ಬೇಡ ಅನ್ನುತ್ತೇನೆ. ಮೂರರಲ್ಲಿ ಖರ್ಚು ಹೆಚ್ಚಾಗಿದ್ದೂ ಅಲ್ಲೇ. ವೀಸಾ ಶುಲ್ಕದಲ್ಲಿ ಕೂಸಿಗೆ ರಿಯಾಯಿತಿ ಇಲ್ಲ, ಅದೂ ಲೆಕ್ಕದಲ್ಲಿರಲಿ.

ಟಿಕೆಟ್ ಬಗ್ಗೆ ಒಂದು ಮಾತು. ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕಡಿಮೆ ದುಡ್ಡಿಗೆ ಬರುತ್ತದೆ, ಆದರೆ ವಾಪಸ್ ಬರುವ ದಿನಕ್ಕೆ ಎರಡು ತುಂಬಿದ್ದರೆ ಸೀಟು ಕೊಳ್ಳಬೇಕು. ವಿಮಾನದ ಗೋಡೆಗೆ ಸಿಕ್ಕಿಸುವ ತೊಟ್ಟಿಲಿಗೆ ತೂಕದ ಮಿತಿ ಇದೆ, ಒಂದೊಂದು ಕಂಪನಿಗೆ ಒಂದೊಂದು ಥರ. ಬುಕ್ ಮಾಡಿದ ದಿನವೇ ಫೋನ್ ಮಾಡಿ ಕೇಳಿ.

ಊರು ಆರಿಸುವ ಚರ್ಚೆ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಕೂಸಿನ ಪಾಸ್‌ಪೋರ್ಟ್ ಮಾಡಿಸಿಬಿಡಿ. ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಅನೆಕ್ಷರ್ ಡಿ ಎನ್ನುವ ಘೋಷಣಾ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಒಯ್ಯಬೇಕು. ನಮ್ಮ ಮಗಳದ್ದು ಮಾವನವರ ಬಿಳಿ ಪಂಚೆ ಹಾಸಿ, ಅದರ ಮೇಲೆ ಮಲಗಿಸಿ ತೆಗೆದ ಫೋಟೋ. ನಲವತ್ತು ಸಲ ಕ್ಲಿಕ್ ಮಾಡಿದ ಮೇಲೆ ಒಂದರಲ್ಲಿ ಕಣ್ಣು ಬಿಟ್ಟಿದ್ದಳು.